ಮೆಟ್ಟಿಲ ಮೇಲಿನ ಜಗಳ

ತರನ್ನುಮ್‌ಗೆ ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿರಲಿಲ್ಲ. ಶಿಡ್ಲಘಟ್ಟದ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತಿದ್ದಳು. ತರಗತಿ ಇದ್ದದ್ದು ಮಹಡಿ ಮೇಲೆ. ಅಣ್ಣ ಶೋಯೆಬ್ ಗಾಲಿಕುರ್ಚಿಯನ್ನು ಕೆಳಗೇ ಬಿಟ್ಟು, ಅವಳನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿ, ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಓಡುತ್ತಿದ್ದ. ಶೌಚಾಲಯ ಕೆಳಗಿತ್ತು. ಅದಕ್ಕೇ ಅವಳು ಸಂಜೆವರೆಗೂ ನೀರು ಮುಟ್ಟುತ್ತಿರಲಿಲ್ಲ.

ಕೆಳಗೊಂದು ದೊಡ್ಡ ಕೋಣೆಯಿತ್ತು. ಕಬಡ್ಡಿ ತಂಡದ ಹರಿಕೃಷ್ಣನೂ ಅವನ ಗೆಳೆಯರೂ ಅಲ್ಲಿ ಕೇರಂ ಆಡಿಕೊಂಡಿರುತ್ತಿದ್ದರು. "ನಮ್ ಕ್ಲಾಸ್ ಅಲ್ಲಿ ಮಾಡ್ಸಿ ಸಾರ್" ಎಂದು ತರನ್ನುಮ್ ಪ್ರಿನ್ಸಿಪಾಲರ ಬೆನ್ನು ಬಿದ್ದಳು. ಕೊನೆಗೂ ಅವರು ಒಪ್ಪಿ, ಸೋಮವಾರದಿಂದ ಪಾಠ ಕೆಳಗೇ ಎಂದರು.

ಶನಿವಾರ ಶೋಯೆಬ್ ಅವಳನ್ನು ಹೊತ್ತು ಇಳಿಯುತ್ತಿದ್ದಾಗ ಹರಿಕೃಷ್ಣ ಮೆಟ್ಟಿಲಿಗೆ ಅಡ್ಡ ನಿಂತ.

"ನಮ್ ರೂಮ್ ಕಿತ್ಕೊಂಡ್ಯಲ್ಲೇ, ಖುಷೀನಾ?"

"ದಾರಿ ಬಿಡಪ್ಪ, ಬೆನ್ನ ಮೇಲೆ ತಂಗಿ ಅವ್ಳೆ" ಎಂದ ಶೋಯೆಬ್.

ಹಿಂದಿನಿಂದ ಯಾರೋ ಒದ್ದರು. ಅಣ್ಣ ತಂಗಿ ಇಬ್ಬರೂ ಉರುಳಿಕೊಂಡು ನೆಲಕ್ಕೆ ಬಿದ್ದರು. ಶೋಯೆಬ್ ಏಳುವಷ್ಟರಲ್ಲಿ ಹರಿಕೃಷ್ಣ ಕಬ್ಬಿಣದ ರಾಡು ಬೀಸಿದ. ತಡೆಯಲು ಎತ್ತಿದ ಕೈಯ ಮೂಳೆ ಲಟಕ್ಕನೆ ಮುರಿಯಿತು. ಸುತ್ತ ನಿಂತವರು ಮೊಬೈಲು ಹಿಡಿದಿದ್ದರೇ ಹೊರತು ಒಬ್ಬರೂ ಬಿಡಿಸಲಿಲ್ಲ. ರಾಡು ಮತ್ತೆ ಮೇಲೆದ್ದಾಗ ತರನ್ನುಮ್ ಮೊಣಕೈಯಲ್ಲಿ ತೆವಳಿ ಹೋಗಿ ಹರಿಕೃಷ್ಣನ ಹಿಮ್ಮಡಿಗೆ ಬಾಯಿ ಹಾಕಿದಳು. ಬಾಯಿ ತುಂಬ ರಕ್ತ. ಅವನು ಚೀರುತ್ತಾ ಇನ್ನೊಂದು ಕಾಲಿನಿಂದ ಅವಳ ಮುಖಕ್ಕೆ ಒದ್ದ. ಹಲ್ಲು ಉದುರಿತು, ಹಿಡಿತ ಬಿಡಲಿಲ್ಲ. ಲೆಕ್ಚರರ್ ಕವಿತ ಕಿರುಚಿಕೊಂಡು ಓಡಿಬಂದು ಬಿಡಿಸಬೇಕಾಯಿತು.

ಆಸ್ಪತ್ರೆಗೆ ಪ್ರಿನ್ಸಿಪಾಲರು ಬಂದರು. "ಕೇಸು ಗೀಸು ಬೇಡ ಕಣಮ್ಮ. ನೀನು ಮನೇಲೇ ಓದ್ಕೋ, ಅಟೆಂಡೆನ್ಸ್ ನಾನು ನೋಡ್ಕೋತೀನಿ."

"ಅಟೆಂಡೆನ್ಸ್ ಬೇಡ ಸಾರ್, ಪಾಠ ಬೇಕು" ಎಂದಳು ತರನ್ನುಮ್, ಊದಿದ ತುಟಿಯಲ್ಲೇ. ಅಂದೇ ಪೊಲೀಸರಿಗೆ ದೂರು ಕೊಟ್ಟಳು.

ಸೋಮವಾರ ಅಮ್ಮ ಅಜೀಜಾ ಕುರ್ಚಿ ತಳ್ಳಿಕೊಂಡು ಬಂದರು. ಕೆಳಗಿನ ಕೋಣೆಯಲ್ಲಿ ಕವಿತ ಪಾಠ ಶುರು ಮಾಡಿದ್ದರಷ್ಟೇ, ಕಿಟಕಿ ಗಾಜು ಒಡೆದುಕೊಂಡು ಕಲ್ಲೊಂದು ಬಂತು. ಹಿಂದೆಯೇ ಇನ್ನೊಂದು. ಹುಡುಗಿಯರು ಬೆಂಚಿನ ಕೆಳಗೆ ನುಗ್ಗಿದರು. ಹಾಗೆ ನುಗ್ಗುವುದು ತರನ್ನುಮ್‌ಗೆ ಆಗದ ಮಾತು. ಕೆನ್ನೆಗೆ ತಗುಲಿದ ಗಾಜಿನ ಚೂರನ್ನು ಕಿತ್ತೆಸೆದು, "ಮುಂದಕ್ಕೆ ಹೇಳಿ ಮಿಸ್" ಎಂದಳು. ಕವಿತ ಪಾಠ ಮುಂದುವರಿಸಿದರು.

ಪೊಲೀಸರು ಹರಿಕೃಷ್ಣನನ್ನೂ ಕಲ್ಲು ತೂರಿದ ಅವನ ಗೆಳೆಯರನ್ನೂ ಹಿಡಿದರು. ಮೊಬೈಲಿನ ವಿಡಿಯೋ ಊರೆಲ್ಲ ಹರಿದಾಡಿದ ಮೇಲೆ ಕಾಲೇಜಿನವರು ಇಳಿಜಾರು ದಾರಿ ಕಟ್ಟಿಸಿದರು, ಶೌಚಾಲಯದ ಬಾಗಿಲು ಅಗಲ ಮಾಡಿಸಿದರು. ತರನ್ನುಮ್ ಈಗ ತಾನೇ ಗಾಲಿ ಉರುಳಿಸಿಕೊಂಡು ತರಗತಿಗೆ ಹೋಗುತ್ತಾಳೆ. ಶೋಯೆಬ್‌ನ ಬೆರಳುಗಳಿಗೆ ಮಾತ್ರ ನೂಲಿನ ಎಳೆ ಹಿಡಿಯುವ ಹದ ಮತ್ತೆ ಬರಲಿಲ್ಲ. ಮಾವನ ಅಂಗಡಿಯಲ್ಲಿ ಕೂರುತ್ತಾನೆ.

ಮೊನ್ನೆ ಹರಿಕೃಷ್ಣನ ಅಪ್ಪ ಕೋನಪ್ಪ ಮನೆ ಬಾಗಿಲಿಗೆ ಬಂದು, "ರಾಜಿ ಮಾಡ್ಕೊಳ್ಳಣ ಕಣಮ್ಮ, ಹುಡುಗನ ಭವಿಷ್ಯ" ಎಂದರು. ತರನ್ನುಮ್ ಗಾಲಿ ಉರುಳಿಸಿಕೊಂಡು ಬಂದು ಅವರ ಮುಖಕ್ಕೇ ಬಾಗಿಲು ಹಾಕಿದಳು.