ಇರುಳಯ್ಯ ಇನ್ನೂ ಬಂದಿಲ್ಲ

ಆಕಾಶದಿಂದ ಇನ್ನೊಬ್ಬ ಇಳಿದ, ಮಂಡಿಯೂರಿ, ಮುಷ್ಟಿಯನ್ನು ನೆಲಕ್ಕೆ ಕೊಟ್ಟು, ನೆಲ ಬಿರಿಯಿತು, ಧೂಳೆದ್ದಿತು, ಈ ಬಡ್ಡೀಮಕ್ಕಳಿಗೆ ನೆಟ್ಟಗೆ ನಿಂತು ಇಳಿಯುವುದನ್ನು ಯಾರೂ ಕಲಿಸಲಿಲ್ಲವೇ ಎಂದುಕೊಂಡ ಶಿವಮೂರ್ತಿ, ಸೀಟಿನ ಹರಿದ ರೆಕ್ಸಿನ್ನಿನೊಳಗಿಂದ ಸ್ಪಂಜು ಕೀಳುತ್ತ, ಮುಂದಿನ ಸಾಲಿನಲ್ಲಿ ಶಿಳ್ಳೆ, ಶಿಳ್ಳೆ ಹೊಡೆಯುವಂಥದ್ದು ಏನು ಮಾಡಿದ ಅವನು, ಬಿದ್ದ, ಅಷ್ಟೆ — ಪಕ್ಕದಿಂದ ನಿಂಗರಾಜುವಿನ ಮೊಣಕೈ ತಿವಿಯಿತು, ಯಾರ್ಲಾ ಬಂದೋನು, ಸಿಡಿಲುಭುಜ, ಅವ್ನೇನಾ, ಇರುಳಯ್ಯ ಬಂದ್ನಾ, ಇಲ್ಲ ಕಣ್ಲಾ, ಇನ್ನೂ ಬಂದಿಲ್ಲ, ಬಂದ್ರೆ ಯೇಳ್ತೀನಿ ಬುಡು. ನಿಂಗರಾಜುವಿನ ಮುಖ ಪರದೆಯ ಕಡೆಗಿಲ್ಲ, ಎಡಗೋಡೆಯ ಸ್ಪೀಕರಿನ ಕಡೆಗಿದೆ, ಹುಟ್ಟಿನಿಂದಲೇ ಕಣ್ಣಿಲ್ಲದವನಿಗೆ ಸಿನಿಮಾ ಇರುವುದು ಗೋಡೆಯಲ್ಲಿ, ಬಾಯಿ ತುಸು ತೆರೆದಿದೆ, ನಾಲಿಗೆಯನ್ನು ಅಂಗುಳಕ್ಕೆ ಎತ್ತಿ ಬಿಡುತ್ತಾನೆ, ಟಕ್, ಮುಂದಿನ ಸೀಟು ಎಷ್ಟು ದೂರ, ಟಕ್, ಅದರಲ್ಲಿ ಕೂತವನು ಎಷ್ಟು ಎತ್ತರ, ಸದ್ದು ಹೋಗಿ ತಟ್ಟಿ ಬಂದು ಎಲ್ಲ ಹೇಳುತ್ತದಂತೆ, ಇರುಳಯ್ಯ ಕಲ್ಸಿದ್ದು ಎನ್ನುತ್ತಾನೆ ಕಂಡಕಂಡವರ ಮುಂದೆ. ಕಾಮಿಕ್ಸ್ ಪುಸ್ತಕದ ವೀರರೆಲ್ಲ ಒಂದೇ ಸಿನಿಮಾದಲ್ಲಿ ಬಂದಿದ್ದಾರೆ ಎಂದು ರೇಡಿಯೋದಲ್ಲಿ ಕೇಳಿ ನರಸೀಪುರದಿಂದ ಬಸ್ಸು ಹತ್ತಿ ನಂಜನಗೂಡಿಗೆ ಬಂದುಬಿಟ್ಟ, ಭಾನುವಾರದ ಒಂದು ನಿದ್ದೆಯನ್ನೂ ಬಿಡದೆ ಶಿವಮೂರ್ತಿಯನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು, ಎಲ್ಲಾರೂ ಅಂದ್ಮೇಲೆ ಇರುಳಯ್ಯನೂ ಇರ್ಬೇಕಲ್ವೇನ್ಲಾ.

ಇದಕ್ಕೆ ಸಿನಿಮಾ ಅನ್ನುತ್ತಾರೆ, ಏಳು ಜನ ಸಾಲಾಗಿ ನಿಂತಿದ್ದಾರೆ ಮದುವೆ ಮನೆಯ ಗ್ರೂಪ್ ಫೋಟೊದ ಹಾಗೆ, ಒಬ್ಬನಿಗೂ ಕೆಲಸವಿಲ್ಲ, ಡಬ್ಬಿಂಗಿನ ಕನ್ನಡ ಮಾತಾಡಿದವನ ಗಂಟಲು ಬ್ಯಾಂಕಿನ ಫೋನಿನೊಳಗಿನ ಗಂಟಲು, ಪುಸ್ತಕದಲ್ಲಿ ಸಿಡಿಲುಭುಜ ಒಬ್ಬನ ಮೇಲೆ ಕೈ ಮಾಡಲು ವಾರಗಟ್ಟಲೆ ಯೋಚಿಸುತ್ತಿದ್ದ, ತನ್ನ ಮನೆಯ ಕಿಟಕಿಯ ಹೊರಗೆ ನಿಂತು ಹೆಂಡತಿ ಉಣ್ಣುವುದನ್ನು ನೋಡಿ ಒಳಗೆ ಹೋಗದೆ ಹಿಂದಿರುಗುತ್ತಿದ್ದ, ಇಲ್ಲಿ ಹೊಡೆಯುತ್ತ ಜೋಕು ಹೇಳುತ್ತಾನೆ, ಊರಿಗೆ ಊರೇ ಕುಸಿಯುತ್ತಿದೆ, ಜೋಕು. ಇಬ್ಬರೂ ಹುಡುಗರಾಗಿದ್ದಾಗ ಊರು ಹೆಮ್ಮಿಗೆಯಲ್ಲಿ ಚಲುವಯ್ಯನ ಕ್ಷೌರದಂಗಡಿಗೆ ಬರುತ್ತಿತ್ತು ಆ ಪುಸ್ತಕ, ವಾರಕ್ಕೊಂದು, ಬಣ್ಣ ಗೆರೆ ದಾಟಿ ಹರಡಿಕೊಂಡದ್ದು, ಮುಟ್ಟಬೇಕಾದರೆ ಕುರ್ಚಿಯಲ್ಲೊಂದು ತಲೆ ಇರಬೇಕು, ಅದು ಚಲುವಯ್ಯನ ಕಾನೂನು, ತಲೆ ಕೊಟ್ಟವನ ಜೊತೆಗಾರ ಮಾತ್ರ ಓದಬಹುದು, ಕ್ಷೌರ ಮುಗಿದರೆ ಪುಸ್ತಕ ಗೂಡಿಗೆ, ಅದಕ್ಕೇ ವಾರವಾರವೂ ನಿಂಗರಾಜು ತಲೆ ಕೊಟ್ಟ, ಕೆರೆಯಲು ಕೂದಲೇ ಇಲ್ಲದ ಬುಂಡೆಯನ್ನು ಚಲುವಯ್ಯ ಬೈದುಕೊಂಡು ಕೆರೆಯುವನು, ನಿಧಾನ್ಕೆ ಕೆರಿ ಚಲುವಣ್ಣ, ಮೂರ್ತಿ ಇನ್ನೂ ಅರ್ಧಕ್ಕೆ ಬಂದಿಲ್ಲ, ಏನ್ಲಾ ಕೆರೀಲಿ, ನಿನ್ ಮೂಳೇನಾ. ಒಂದೊಂದು ಚಿತ್ರವನ್ನೂ ಶಿವಮೂರ್ತಿ ಬಾಯಲ್ಲಿ ಹೇಳಬೇಕು, ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈಯಲ್ಲಿ ಏನಿದೆ, ಒಂದು ದಿನ ನಿಂಗರಾಜು ಕೈ ಚಾಚಿ ಪುಟ ಸವರಿದ, ಬೆರಳು ಮೂಲೆಯಲ್ಲಿ ನಿಂತಿತು, ಇಲ್ಯಾರ್ಲಾ ಅವ್ರೆ, ದಪ್ಪಕ್ಕೆ ಕೈಗೇ ಸಿಗ್ತಾವ್ನೆ — ಯಾರೂ ಇರಲಿಲ್ಲ, ಅಚ್ಚುಮನೆಯಲ್ಲಿ ಚೆಲ್ಲಿದ ಮಸಿ, ಹೆಪ್ಪುಗಟ್ಟಿ ಒಣಗಿದ ಕಪ್ಪು ಗುಪ್ಪೆ — ಇರುಳಯ್ಯ, ಅಂದುಬಿಟ್ಟ ಶಿವಮೂರ್ತಿ, ನಿನ್ನಂಗೇ ಕಣ್ಣಿಲ್ಲ ಅವ್ನಿಗೆ, ನಾಲಿಗೇಲಿ ಟಕ್ ಅಂತಾನೆ, ಅದೇ ದಾರಿ ಯೇಳ್ತದೆ, ಮೇಷ್ಟ್ರು ಅದೇ ವಾರ ಬಾವಲಿಯ ಪಾಠ ಮಾಡಿದ್ದರು. ಸಿಡಿಲುಭುಜ, ನೀಲಗರುಡ, ಅವೆಲ್ಲ ಪುಸ್ತಕದವರು ಇಟ್ಟ ಹೆಸರು, ಇರುಳಯ್ಯ ಮೂಗು ಸೋರುವ ಹುಡುಗನೊಬ್ಬ ಇಟ್ಟ ಹೆಸರು, ಯಾವ ಪುಸ್ತಕದಲ್ಲೂ ಇಲ್ಲದವನು, ಆಮೇಲೆ ಪ್ರತಿ ವಾರವೂ ಅವನು ಇರಲೇಬೇಕಾಯಿತು, ಎಲ್ಲರೂ ಸೋತ ಮೇಲೆ ಬಂದು ಗೆಲ್ಲಲೇಬೇಕಾಯಿತು. ಆ ಕತ್ತೆ ಅದನ್ನು ನಂಬಿ ನಾಲೆ ಏರಿಯ ಮೇಲೆ ಟಕ್ ಟಕ್ ಎನ್ನುತ್ತ ನಡೆದ, ಬಿದ್ದ, ಮೊಣಕಾಲು ತರಚಿಕೊಂಡ, ಮತ್ತೆ ನಡೆದ, ಒಬ್ಬನೇ ಬಸ್ಸು ಹತ್ತಿದ, ಓದಿದ, ಇವತ್ತು ನರಸೀಪುರದ ಸರ್ಕಾರಿ ಕಚೇರಿಯಲ್ಲಿ ಫೋನೆತ್ತುವ ಕೆಲಸ, ಪೆನ್ಷನ್ನಿನ ಕೆಲಸ, ಎರಡೂ ಕಣ್ಣು ನೆಟ್ಟಗಿರುವ ಶಿವಮೂರ್ತಿ ತಾಂಡ್ಯದ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಲೇಬರು, ದಿನಾ ಗೇಟಿನಲ್ಲಿ ಮಗನ ವಯಸ್ಸಿನವನೊಬ್ಬ ಜೇಬು ತಡವಿ ಒಳಗೆ ಬಿಡುತ್ತಾನೆ, ಸುಳ್ಳು ಹೇಳಿದವನು ಅಲ್ಲೇ ಉಳಿದ, ನಂಬಿದವನು ಮೇಲೆ ಹೋದ.

ಇಂಟರ್‌ವೆಲ್ಲಿನ ದೀಪ ಹತ್ತಿದಾಗ ನಿಂಗರಾಜು ಮಸಾಲೆವಡೆ ಅಗಿಯುತ್ತ ಆ ಕಡೆ ಕೂತಿದ್ದ ಅಪರಿಚಿತನಿಗೆ, ಇವ್ನು ನಮ್ ಮೂರ್ತಿ ಕಣ್ರೀ, ನನ್ ಟಿವಿ ಇದ್ದಂಗೆ, ಕಿವಿ ತಿರುವಿದ್ರೆ ಚಾನಲ್ ಬತ್ತದೆ, ಎಂದು ನಕ್ಕ, ಅವನೂ ನಕ್ಕ, ಆಮೇಲೆ ನಿಂಗರಾಜು ಇಡೀ ಸಾಲಿಗೆ ಕೇಳುವ ಹಾಗೆ, ಲೋ ಮೂರ್ತಿ, ನಮ್ ಆಪೀಸ್ಗೆ ವಾಚ್‌ಮನ್ ಬೇಕು ಕಣ್ಲಾ, ಸಾಹೇಬ್ರ ಕಿವಿಗೆ ಹಾಕಿವ್ನಿ, ಇನ್ನೆಷ್ಟ್ ದಿನ ಆ ತಾಂಡ್ಯದಲ್ಲಿ ಸಾಯ್ತೀಯ, ಓದ್ಬೇಕಾ ಬರೀಬೇಕಾ, ಸುಮ್ಕೆ ಕೂತ್ಕಂಡು ಕಾಯೋದು, ಕಣ್ಣಿದ್ರೆ ಸಾಕು. ಕಣ್ಣಿದ್ರೆ ಸಾಕು. ಅಪರಿಚಿತ ಶಿವಮೂರ್ತಿಯ ಸವೆದ ಚಪ್ಪಲಿಯಿಂದ ಬಿಳಿಗೂದಲವರೆಗೆ ನೋಡಿ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದ, ದೀಪ ಆರಿತು, ನೆತ್ತಿಯೊಳಗೆ ಉರಿಯುತ್ತಿದ್ದದ್ದು ಆರಲಿಲ್ಲ.

ಪರದೆಯ ಮೇಲೆ ನೀಲಗರುಡ ಎಲ್ಲಿಗೋ ಹಾರಲು ಹೋಗಿ ತನ್ನ ಮೇಲುಹೊದಿಕೆಯನ್ನೇ ಮೆಟ್ಟಿ ಎಡವಿದ, ಟಾಕೀಸಿಗೆ ಟಾಕೀಸೇ ಹೋ ಎಂದು ನಕ್ಕಿತು, ಮೊಣಕೈ ತಿವಿಯಿತು, ಯಾಕ್ಲಾ ನಗ್ತಾವ್ರೆ, ಶಿವಮೂರ್ತಿ ಸ್ಪಂಜು ಕೀಳುವುದನ್ನು ನಿಲ್ಲಿಸಿದ, ಇರುಳಯ್ಯ ಬಂದ ಕಣ್ಲಾ. ವಡೆಯ ಎಣ್ಣೆಗೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು, ಬಂದ್ನಾ, ಎಂಗವ್ನೆ, ಕರೀ ಬಟ್ಟೇನಾ, ಕರೀದೇ, ಏನ್ ಮಾಡ್ತಾವ್ನೆ ಯೇಳ್ಲಾ ಬ್ಯಾಗ, ಓಡ್ತಾವ್ನೆ, ಯಾರ್ ಮೇಲೆ, ಯಾರ್ ಮೇಲೂ ಇಲ್ಲ, ತಪ್ಪಿಸ್ಕಂಡು ಓಡ್ತಾವ್ನೆ, ಮಿಕ್ಕೋರೆಲ್ಲ ಹೊಡೆದಾಡ್ತಾವ್ರೆ. ಮತ್ತೆ ನಗೆ, ನೀಲಗರುಡ ಇನ್ನೇನೋ ಅಂದ, ಈಗ್ಯಾಕ್ಲಾ ನಗು, ಬಿದ್ದ ಕಣ್ಲಾ, ಎಲ್ಲಿಗೆ, ಗುಂಡಿಗೆ, ರಸ್ತೆ ಮಧ್ಯದ ಗುಂಡಿಗೆ, ಕಣ್ ಕಾಣಲ್ವಲ್ಲ, ನಿಂಗರಾಜುವಿನ ಹಿಡಿತ ಬಿಗಿಯಿತು, ನಾಲಿಗೆ ಹೊಡೀಲಿಲ್ವಾ, ಹೊಡ್ದ, ಹೊಡ್ದ್ಮೇಲೆ, ಕೆಲ್ಸ ಮಾಡ್ಲಿಲ್ಲ. ಇಲ್ಲಿಗೆ ನಿಲ್ಲಿಸಬಹುದು, ಒಂದು ಮಾತು ಸಾಕು ಅವನನ್ನು ಗುಂಡಿಯಿಂದ ಎತ್ತಲು, ಚಲುವಯ್ಯನ ಅಂಗಡಿಯಲ್ಲಿ ಎಷ್ಟು ಸಲ ಎತ್ತಿಲ್ಲ, ಬೆಂಕಿಯಿಂದ, ಬಾವಿಯಿಂದ, ಈಗಲೂ ಎತ್ತಬಹುದು — ಕಣ್ಣಿದ್ರೆ ಸಾಕು — ಸತ್ತ, ಅಂದ ಶಿವಮೂರ್ತಿ. ಸತ್ನಾ. ಊ. ಯಾರೂ ನೋಡ್ಲಿಲ್ವಾ. ಎಲ್ಲಾರೂ ನೋಡಿದ್ರು, ನೋಡಿ ನಕ್ಕಂಡು ಹೋದ್ರು, ಕೇಳುಸ್ಲಿಲ್ವಾ ನಿಂಗೆ. ಎಣ್ಣೆಗೈ ಮಣಿಕಟ್ಟನ್ನು ಬಿಟ್ಟಿತು, ಆಹಾ, ಎಷ್ಟು ಹಗುರ, ಎಷ್ಟೋ ವರ್ಷ ಹೊತ್ತ ಮೂಟೆಯನ್ನು ಧೊಪ್ಪೆಂದು ಎತ್ತಿಹಾಕಿದ ಹಾಗೆ, ಮಿಕ್ಕ ಸಿನಿಮಾವನ್ನು ನಿಂಗರಾಜು ಕೇಳಲೇ ಇಲ್ಲ, ಸ್ಪೀಕರಿನ ಕಡೆಗಿದ್ದ ಮುಖ ತೊಡೆಯ ಕಡೆಗೆ ಬಾಗಿತ್ತು, ಪರದೆಯ ಮೇಲೆ ಏಳೂ ಜನ ಗೆದ್ದು ತಿಂಡಿ ತಿನ್ನುತ್ತ ಕೂತರು, ಥೂ.

ಹೊರಗೆ ಬಾಗಿಲ ದಾಟಿದರೆ ಮೆಟ್ಟಿಲು, ಕೆಳಗೆ ರಸ್ತೆ, ಬಿಸಿಲು, ನರಸೀಪುರದ ಬಸ್ಸು ಆ ಬದಿಗೆ ನಿಲ್ಲುತ್ತದೆ, ಜನ ನೂಕಿಕೊಂಡು ಇಳಿಯುತ್ತಿದ್ದಾರೆ, ನಿಂಗರಾಜು ಮೊದಲ ಮೆಟ್ಟಿಲ ತುದಿಯಲ್ಲಿ ನಿಂತುಬಿಟ್ಟಿದ್ದಾನೆ, ಯಾರೋ ಗುದ್ದಿ ಹೋದರು, ಏನ್ರೀ ಅಡ್ಡ ನಿಂತಿದ್ದೀರ, ಶಿವಮೂರ್ತಿ ಎರಡು ಮೆಟ್ಟಿಲು ಇಳಿದವನು ತಿರುಗಿದ, ಬಾರ್ಲಾ, ಮೆಟ್ಲು ಅದೆ, ನಾಲಿಗೆ ಹೊಡಿ. ನಿಂಗರಾಜು ಹೊಡೆಯಲಿಲ್ಲ. ಕೈ ಕೊಡ್ಲಾ ಮೂರ್ತಿ, ಅಂದ, ಹೆಮ್ಮಿಗೆಯ ನಾಲೆಯ ಮೇಲೆ ಬಿದ್ದಾಗಲೂ ಅನ್ನದ ಮಾತು. ಕೊಟ್ಟರೇನಂತೆ, ಬಸ್ಸಿನವರೆಗೆ ಹಿಡಿದು ಹೋದರೆ ಆಯಿತು, ಆಮೇಲೆ ಬಸ್ಸಿನಿಂದ ಇಳಿಸುವವರು ಯಾರು, ಕಚೇರಿಯ ಮೆಟ್ಟಿಲು, ನಾಳೆ, ನಾಡಿದ್ದು, ಸುಳ್ಳು ಕಣ್ಲಾ ಎಂದುಬಿಡಲೇ, ಯಾವುದು ಸುಳ್ಳು, ಸತ್ತದ್ದೋ ಇದ್ದದ್ದೋ, ಬಸ್ಸು ಹಾರನ್ ಹೊಡೆಯುತ್ತಿದೆ, ಚಾಚಿದ ಆ ಕೈಯನ್ನು ನೋಡಬಾರದು, ಮೇಲೆ ನೋಡಿದರೆ ಮುಖ, ಬಾಯಿ ತುಸು ತೆರೆದಿದೆ, ನಾಲಿಗೆ ಅಂಗುಳಕ್ಕೆ ಎತ್ತಿದೆ, ಬಿಡುತ್ತಾನೆ, ಈಗ ಬಿಡುತ್ತಾನೆ, ಎತ್ತಿದ ನಾಲಿಗೆ ಎತ್ತಿದ ಹಾಗೇ, ಎತ್ತಿದ ಹಾಗೇ —