ಗಡಿ ದಾಟಿದ ಡಬ್ಬಿ

"ಯಜಮಾನ್ರೇ, ಮೊದಲು ಬೆಲ್ಟ್ ಹಾಕ್ಕೊಳ್ಳಿ. ಆಮೇಲೆ ಗಾಡಿ ಹೊರಡುತ್ತೆ," ಎಂದಳು ರೋಸಾಲ್ಬಾ.

"ಎಪ್ಪತ್ತಾರು ವರ್ಷದಿಂದ ಸಾಯದೇ ಇರೋನು ಇವತ್ತು ಸಾಯ್ತೀನಾ?"

"ನೀವು ಸತ್ರೆ ನಾನು ಎಷ್ಟು ಫಾರಂ ತುಂಬಬೇಕು ಗೊತ್ತಾ? ಆ ತಲೆನೋವು ನನಗೆ ಬೇಡ."

ಆರ್ವಲ್ ಸ್ಟೆಮ್ಲೆ ನಗುತ್ತಲೇ ಬೆಲ್ಟ್ ಎಳೆದುಕೊಂಡ. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಹೀಗೆ ಗದರಿಸುವವಳು ರೋಸಾಲ್ಬಾ ಒಬ್ಬಳೇ. ಮನೆಗೇ ಬಂದು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಅವಳದು. ಅದಕ್ಕೆಂದೇ ಪರೀಕ್ಷೆ ಬರೆದು ಪರವಾನಗಿ ಪಡೆದವಳು. ಮೂರು ವರ್ಷದಿಂದ ವಾರಕ್ಕೆರಡು ದಿನ ಬಂದು ಸ್ನಾನ ಮಾಡಿಸಿ, ಬಿ.ಪಿ. ನೋಡಿ, ಮಾತ್ರೆ ಜೋಡಿಸಿಟ್ಟು ಹೋಗುತ್ತಿದ್ದಳು. ಇವತ್ತು ಅವನನ್ನು ಗಡಿಯಾಚೆಯ ಕೊಲೊರಾಡೊಗೆ, ಕಣ್ಣಿನ ಡಾಕ್ಟರ ಹತ್ತಿರ ಕರೆತಂದಿದ್ದಳು. ಈಗ ಇಬ್ಬರೂ ವಾಪಸ್ ಕಾನ್ಸಾಸ್‌ಗೆ ಹೊರಟಿದ್ದರು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಅವಳು ಪೆಟ್ರೋಲ್ ಹಾಕಿಸಿ ಒಳಗೆ ದುಡ್ಡು ಕೊಡಲು ಹೋಗಿದ್ದಾಗ, ಆರ್ವಲ್ ಕೋಲೂರಿಕೊಂಡು ಪಕ್ಕದ ಗಾಂಜಾ ಅಂಗಡಿಗೆ ಹೋಗಿ ಬಂದಿದ್ದ. ಕೊಲೊರಾಡೊದಲ್ಲಿ ಅದು ಬೋರ್ಡು ಹಾಕಿ ನಡೆಸುವ ವ್ಯಾಪಾರ. ಅಂಗಡಿಯ ಹುಡುಗಿ ವಯಸ್ಸಿಗಾಗಿ ಅವನ ಲೈಸೆನ್ಸ್ ನೋಡಿ, ಗಾಂಜಾ ಬೆರೆಸಿದ ಮಿಠಾಯಿಯ ಡಬ್ಬಿ ಕೊಟ್ಟು, "ಅರ್ಧ ಮಾತ್ರ ತಿನ್ನಿ ಅಜ್ಜ, ಮೊಣಕಾಲು ನೋವು ಕಮ್ಮಿ ಆಗಬಹುದು," ಎಂದಿದ್ದಳು. ತೆರಿಗೆಯನ್ನು ಬೇರೆಯಾಗಿ ಅಚ್ಚು ಹಾಕಿದ ರಸೀದಿಯನ್ನೂ ಕೊಟ್ಟಿದ್ದಳು. ಡಬ್ಬಿ ಕೋಟಿನ ಜೇಬಿಗೆ ಹಿಡಿಸಲಿಲ್ಲ. ಹಿಂದಿನ ಸೀಟಿನಲ್ಲಿ ರೋಸಾಲ್ಬಾಳ ಕೆಲಸದ ಚೀಲ ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಇಳಿಬಿಟ್ಟ. ಹೇಳಿದರೆ ಬೈಯುತ್ತಾಳೆ, ಮನೆಗೆ ಹೋದ ಮೇಲೆ ತೆಗೆದುಕೊಂಡರಾಯಿತು ಎಂದುಕೊಂಡ.

ಅವನಿಗೆ ಎಳ್ಳಷ್ಟೂ ಭಯವಿರಲಿಲ್ಲ. ಮೂವತ್ತೊಂದು ವರ್ಷ ಊರಿನ ಗೋಧಿ ಗೋದಾಮು ನಡೆಸಿದವನು. ತೂಕದ ಚೀಟಿ ಇದ್ದರೆ ಲಾರಿಯ ಮಾಲು ಸಾಚಾ, ಚೀಟಿ ಇಲ್ಲದಿದ್ದರೆ ಕಳ್ಳಮಾಲು. ಅವನ ಪ್ರಪಂಚ ನಡೆದದ್ದೇ ಹಾಗೆ. ಬೆಳಗಿನ ಕಾಫಿಗೆ ಸೇರುವ ಹಳೆಯ ರೈತರೂ ಅದನ್ನೇ ಹೇಳಿದ್ದರು: "ತೆರಿಗೆ ಕಟ್ಟಿ ರಸೀದಿ ತಗೊಂಡಿದ್ದಕ್ಕೆ ಯಾರು ಏನು ಕೇಳ್ತಾರೋ?" ಕಾನೂನು ಏನಿದೆ ಎಂದು ಅವರಲ್ಲಿ ಒಬ್ಬನಾದರೂ ನೋಡಿದ್ದನೇ? ಊಹೂಂ.

ಗಡಿ ದಾಟಿ ಹತ್ತೊಂಬತ್ತು ಮೈಲಿ ಬಂದಿದ್ದರು. ಹಿಂದೆ ಪೊಲೀಸ್ ದೀಪ ಮಿನುಗಿತು.

ಗಾಡಿಯ ಹತ್ತಿರ ಬಂದವನು ಶೆರಿಫ್ ಕಚೇರಿಯ ಟೈಸ್ ಬಾಲಿಂಜರ್. ಅವನ ಅಪ್ಪ ಆರ್ವಲ್‌ನ ಗೋದಾಮಿನಲ್ಲೇ ದುಡಿದವನು. "ಓ, ಆರ್ವಲ್ ಅಂಕಲ್! ಆರಾಮಾ?" ಎಂದು ನಕ್ಕ. ರೋಸಾಲ್ಬಾಳ ಕಡೆ ತಿರುಗಿದಾಗ ಆ ನಗು ಇರಲಿಲ್ಲ. "ಹಿಂದಿನ ಒಂದು ದೀಪ ಉರೀತಿಲ್ಲ. ಕೊಲೊರಾಡೊದಿಂದ ಬರ್ತಿದೀರಾ? ಗಾಡೀಲಿ ಏನಾದ್ರೂ ಇದೆಯಾ?"

"ಏನೂ ಇಲ್ಲ. ಬೇಕಾದ್ರೆ ನೋಡ್ಕೊಳ್ಳಿ."

ನೋಡಬೇಡಿ ಎನ್ನುವ ಹಕ್ಕು ಅವಳಿಗಿತ್ತು. ಆದರೆ ಬಚ್ಚಿಡುವಂಥದ್ದೇನೂ ಇಲ್ಲದವಳಿಗೆ ಅದೇಕೆ ನೆನಪಾಗಬೇಕು!

ಟೈಸ್ ಚೀಲದಿಂದ ಕೈಗವಸು ತೆಗೆದ, ಬಿ.ಪಿ. ಯಂತ್ರ ತೆಗೆದ, ಆಮೇಲೆ ಡಬ್ಬಿ ತೆಗೆದ. ಆರ್ವಲ್‌ನ ಕೈ ಅಂಗಿಯ ಜೇಬಿಗೆ ಹೋಯಿತು. 'ಲೋ ಟೈಸ್, ಅದು ನಂದು ಕಣೋ, ಇಲ್ಲಿದೆ ನೋಡು ರಸೀದಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಟೈಸ್ ಹೇಳಿದ: "ಕೊಲೊರಾಡೊ ಕಾನೂನು ಕೊಲೊರಾಡೊದಲ್ಲೇ ಉಳೀತು, ಮೇಡಂ. ಇಲ್ಲಿ ಇದು ಅಪರಾಧ. ಮೊದಲ ಸಲ ಆದ್ರೂ ಆರು ತಿಂಗಳ ತನಕ ಜೈಲು, ಸಾವಿರ ಡಾಲರ್ ತನಕ ದಂಡ. ಎಲ್ಲಿ ಕೊಂಡ್ಕೊಂಡ್ರಿ, ಹೇಗೆ ಕೊಂಡ್ಕೊಂಡ್ರಿ ಅನ್ನೋದು ಲೆಕ್ಕಕ್ಕೇ ಬರಲ್ಲ."

ಆರ್ವಲ್‌ನ ಕೈ ಜೇಬಿನಲ್ಲೇ ನಿಂತಿತು.

"ಚೀಲ ಯಾರದ್ದು?"

"ಚೀಲ ನಂದು. ಡಬ್ಬಿ ನಂದಲ್ಲ."

"ಎಲ್ಲರೂ ಹೇಳೋದೇ ಹೀಗೆ."

ರೋಸಾಲ್ಬಾ ಆರ್ವಲ್‌ನ ಕಡೆ ತಿರುಗಿದಳು. ಅವಳ ತುಟಿ ಅದುರುತ್ತಿತ್ತು. "ಯಜಮಾನ್ರೇ, ನಿಮಗೇನಾದ್ರೂ ಗೊತ್ತಾ?"

ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುವವನು ತಾನು. ಕೋರ್ಟಿಗೆ ಹೋದವರ ಹೆಸರು ಊರಿನ ವಾರಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆರ್ವಲ್ ಜೇಬಿನಿಂದ ಬರಿಗೈ ತೆಗೆದ.

"ನನಗೆ... ಗೊತ್ತಿಲ್ಲಮ್ಮ," ಎಂದ.

ಟೈಸ್ ಅವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ರೋಸಾಲ್ಬಾಳ ಮೇಲೆ ಕೇಸು ಬರೆದು ಅವಳನ್ನು ತನ್ನ ಗಾಡಿಗೆ ಹತ್ತಿಸಿದ. "ಗಾಬರಿ ಆಗಬೇಡಿ ಅಂಕಲ್, ನಿಮ್ಮನ್ನ ಮನೆಗೆ ಬಿಡಿಸ್ತೀನಿ," ಎಂದ. ಮನೆಗೆ ಬಂದವನೇ ಆರ್ವಲ್ ಅಡುಗೆಮನೆಯ ಒಲೆ ಹಚ್ಚಿ ರಸೀದಿ ಸುಟ್ಟ. ಬೂದಿಯನ್ನು ನೀರು ಬಿಟ್ಟು ತೊಳೆದ. ಛೀ, ಎಂಥ ಕೆಲಸ ಅದು! ಮಾಡುವಾಗಲೇ ಅವನಿಗೆ ನಾಚಿಕೆಯಾಯಿತು, ಆದರೂ ಮಾಡಿದ.

ಶುಕ್ರವಾರ ಬೇರೊಬ್ಬ ಹೆಂಗಸು ಬಂದಳು. ಸ್ನಾನಕ್ಕೆ ನೀರು ಬಿಡುತ್ತಾ ತಾನಾಗಿಯೇ ಹೇಳಿದಳು: "ರೋಸಾಲ್ಬಾನ ಕೆಲಸದಿಂದ ನಿಲ್ಲಿಸಿದ್ದಾರೆ. ಶಿಕ್ಷೆ ಆದ್ರೆ ಪರವಾನಗಿಗೂ ಕುತ್ತು. ಮುದುಕರ ಮಾತ್ರೆ ಮುಟ್ಟೋ ಕೆಲಸ ಅಲ್ವಾ, ಆಮೇಲೆ ಯಾರು ಕರೀತಾರೆ? ಪಾಪ, ಮಗಳಿಗಿನ್ನೂ ಹನ್ನೊಂದು ವರ್ಷ."

ಕಾಫಿ ಮೇಜಿನಲ್ಲಿ ಗೆಳೆಯರು ಅವನ ಬೆನ್ನು ಸವರಿದರು. "ಎಂಥವಳನ್ನ ಮನೆಯೊಳಗೆ ಬಿಟ್ಕೊಂಡಿದ್ದೆ ಮಾರಾಯ! ನಿನ್ನ ಪುಣ್ಯ, ಬಚಾವಾದೆ." ತೆರಿಗೆ ಕಟ್ಟಿದರೆ ಯಾರು ಕೇಳ್ತಾರೆ ಎಂದಿದ್ದ ಬಾಯಿಗಳೇ ಅವು. ಆರ್ವಲ್ ಕಾಫಿ ಲೋಟ ಬದಿಗೆ ಸರಿಸಿದ. ನಂದು ಎಂದುಬಿಡಲೇ ಎಂದು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಮಳೆ ಬಿಸಿಲಿನ ಮಾತಾಡಿದ, ಕೊನೆಗೆ ಎದ್ದು ಬಂದ.

ಒಂಬತ್ತನೆಯ ದಿನ, ವಿಚಾರಣೆಗೆ ಇನ್ನೊಂದೇ ದಿನವಿದೆ ಎನ್ನುವಾಗ, ಸರ್ಕಾರಿ ವಕೀಲೆ ಮಾರ್ಲಿಸ್ ಓಬರ್‌ಡಾರ್ಫ್‌ಳ ಕಚೇರಿಗೆ ಹೋಗಿ ಕುರ್ಚಿ ಎಳೆದು ಕೂತ. "ಆ ಡಬ್ಬಿ ನಂದು," ಎಂದ.

ಮಾರ್ಲಿಸ್ ಮೆತ್ತಗೆ ನಕ್ಕಳು. "ಅವಳನ್ನ ಉಳಿಸೋಕೆ ಹೀಗಂತಿದೀರಿ, ನಿಮ್ಮ ಮನಸ್ಸು ದೊಡ್ಡದು ಆರ್ವಲ್. ಅವಳ ಮೇಲೆ ಕನಿಕರ ನನಗೂ ಇದೆ. ಆಚೆ ರಾಜ್ಯದಲ್ಲಿ ಅಂಗಡೀಲಿ ಮಾರೋ ವಸ್ತುವಿಗೆ ಇಲ್ಲಿ ನಾನು ಜನರನ್ನ ಕಟಕಟೆ ಹತ್ತಿಸಬೇಕು. ಇದೇನು ನನಗೆ ಖುಷಿನಾ? ಆದ್ರೆ ಕಾನೂನು ಬದಲಾಯಿಸೋರು ಶಾಸನಸಭೇಲಿ ಕೂತಿದ್ದಾರೆ, ನಾನಲ್ಲ. ಒಬ್ಬೊಬ್ಬರ ಮುಖ ನೋಡಿ ಬಿಡೋಕೆ ಶುರು ಮಾಡಿದ್ರೆ, ಕೊನೆಗೆ ಬಿಡಿಸ್ಕೊಳ್ಳೋರು ನಮಗೆ ಪರಿಚಯ ಇದ್ದೋರು ಮಾತ್ರ."

"ಟೈಸ್ ಅದನ್ನೇ ಮಾಡಿದ. ನನ್ನ ಮುಖ ನೋಡಿ ಬಿಟ್ಟ, ಅವಳ ಮುಖ ನೋಡಿ ಹಿಡಿದ."

ಮಾರ್ಲಿಸ್‌ಳ ನಗು ನಿಂತಿತು.

"ನಂದು ದೊಡ್ಡ ಮನಸ್ಸಲ್ಲಮ್ಮ, ಹೇಡಿತನ. ಅವಳು ನನ್ನ ಕಣ್ಣಿಗೆ ಕಣ್ಣಿಟ್ಟು ಕೇಳಿದ್ಲು. ಗೊತ್ತಿಲ್ಲ ಅಂದೆ. ರಸೀದಿ ಆಗ ನನ್ನ ಜೇಬಲ್ಲಿತ್ತು. ಮನೆಗೆ ಹೋಗಿ ಸುಟ್ಟೆ. ಅಂಗಡೀಲಿ ಕ್ಯಾಮೆರಾ ಇದೆ, ಕೇಳಿ ತರಿಸ್ಕೋ."

ಅವಳು ಪೆನ್ನು ಕೆಳಗಿಟ್ಟಳು. "ಒಂದು ನಿಮಿಷ. ಇನ್ನು ನೀವು ಆಡೋ ಪ್ರತಿ ಮಾತೂ ನಿಮಗೇ ತಿರುಗುತ್ತೆ. ಮೊದಲು ವಕೀಲರನ್ನ ಇಟ್ಕೊಳ್ಳಿ. ಈ ವಯಸ್ಸಲ್ಲಿ ಇದೆಲ್ಲ ಯಾಕೆ? ಸುಮ್ಮನಿದ್ದಿದ್ರೆ ಯಾರೂ ನಿಮ್ಮನ್ನ ಕೇಳ್ತಿರಲಿಲ್ಲ."

"ಸುಮ್ಮನಿದ್ದೆನಲ್ಲ. ಒಂಬತ್ತು ದಿನ ಸುಮ್ಮನಿದ್ದೆ. ನೀನು ಬರ್ಕೋ."

ಕ್ಯಾಮೆರಾದ ಚಿತ್ರ ಬರುವ ತನಕ ವಿಚಾರಣೆ ಮುಂದಕ್ಕೆ ಹೋಯಿತು. ಎರಡು ವಾರದ ಮೇಲೆ ರೋಸಾಲ್ಬಾಳ ಮೇಲಿನ ಕೇಸು ವಜಾ ಆಯಿತು. ಅದೇ ದಿನ ಆರ್ವಲ್‌ನ ಹೆಸರು ಕೂಗಿದರು. ಬೆಂಚಿನಲ್ಲಿ ಕಾಫಿ ಮೇಜಿನ ಇಬ್ಬರು ಕೂತಿದ್ದರು, ಬಾಗಿಲ ಹತ್ತಿರ ಟೈಸ್ ನಿಂತಿದ್ದ. ನ್ಯಾಯಾಧೀಶರು ಕೇಳಿದ್ದಕ್ಕೆ ಆರ್ವಲ್, "ತಪ್ಪು ನಂದೇ," ಎಂದ, ಹಿಂದಿನ ಬೆಂಚಿಗೂ ಕೇಳುವ ಹಾಗೆ. ಜೈಲು ತಪ್ಪಿತು, ದಂಡವೂ ಒಂದು ವರ್ಷದ ಕೋರ್ಟಿನ ನಿಗಾವೂ ಬಿತ್ತು. ಆ ವಾರದ ಪತ್ರಿಕೆಗೆ ಅವನ ಹೆಸರು ಹೋಗುವುದು ಖಾತ್ರಿಯಾಯಿತು.

ಹೊರಗೆ ಮೆಟ್ಟಿಲ ಹತ್ತಿರ ರೋಸಾಲ್ಬಾ ನಿಂತಿದ್ದಳು. ಥ್ಯಾಂಕ್ಸ್ ಹೇಳಲು ನಿಂತಿರಲಿಲ್ಲ.

"ಆ ಡಬ್ಬಿ ಇಟ್ಟಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ನಿಮಗೆ ಕಾನೂನು ಗೊತ್ತಿರಲಿಲ್ಲ, ಆಯ್ತು. ಆದ್ರೆ ನಾನು ನಿಮ್ಮನ್ನ ಕೇಳಿದೆ. ಮೂರು ವರ್ಷ ನಿಮ್ಮ ಮೈ ತೊಳೆದವಳು ಹೆದರಿ ನಿಂತಿದ್ದೆ. ನಿಮಗೆ ಕಾಣ್ಲಿಲ್ವಾ?"

"ಕಾಣ್ತಮ್ಮ. ಕಂಡೂ ಹಾಗಂದೆ."

"ಮಾರಿಸೋಲ್ ನನ್ನ ಕೇಳಿದ್ಲು, 'ಅಮ್ಮಾ, ನಿಜ ಹೇಳು, ಅದು ನಿಂದೇನಾ?' ಅಂತ. ನನ್ನ ಹೊಟ್ಟೇಲಿ ಹುಟ್ಟಿದ ಮಗಳು! ನಾನು ಇಲ್ಲ ಅಂದ್ರೂ ಅವಳ ಮುಖದಲ್ಲಿ ನಂಬಿಕೆ ಇರಲಿಲ್ಲ. ಕೇಸು ಹೋಯ್ತು ಅಂತ ಕಾಗದ ತೋರಿಸಿದ್ರೆ ಅದು ವಾಪಸ್ ಬರುತ್ತಾ?"

ಆರ್ವಲ್ ಕೋಲಿನ ಮೇಲೆ ಭಾರ ಬಿಟ್ಟು ನಿಂತ. "ನಾನೇ ಬಂದು ಅವಳಿಗೆ ಹೇಳಲಾ?"

ರೋಸಾಲ್ಬಾ ಗಾಡಿಯ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿದಳು. "ಸ್ಕೂಲು ಮೂರು ಗಂಟೆಗೆ ಬಿಡುತ್ತೆ," ಎಂದಳು.

ಮೂರು ಗಂಟೆಗೆ ಮಾರಿಸೋಲ್ ಗೇಟಿನಿಂದ ಹೊರಬಂದು, ಅಮ್ಮನ ಪಕ್ಕದಲ್ಲಿದ್ದ ಮುದುಕನನ್ನು ಅನುಮಾನದಿಂದ ನೋಡಿದಳು. ಆರ್ವಲ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಸುತ್ತ ಬೇರೆ ಮಕ್ಕಳ ಅಪ್ಪ ಅಮ್ಮಂದಿರು, ಅರ್ಧಕ್ಕರ್ಧ ಅವನಿಗೆ ಗೊತ್ತಿದ್ದವರೇ, ನಿಂತು ನೋಡುತ್ತಿದ್ದರು.

"ಮಗೂ, ನಿಮ್ಮಮ್ಮ ನಿನಗೆ ಸುಳ್ಳು ಹೇಳಿಲ್ಲ," ಎಂದ. "ಸುಳ್ಳು ಹೇಳಿದ್ದು ನಾನು."

ಹುಡುಗಿ ಅವನನ್ನು ಒಮ್ಮೆ ನೋಡಿ, ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡಳು.