ಚುಕ್ಕಿ ಹಲ್ಲು

"ತಲೆ ಗಟ್ಟಿಯಾಗಿ ಹಿಡ್ಕೊಳ್ಳೇ," ಎನ್ನುತ್ತ ಹೆರ್ಮೆಲಿಂದಾ ಸತ್ತ ಅಕ್ಕನ ಬಾಯಿಗೆ ಹಲ್ಲಿನ ಸೆಟ್ಟನ್ನು ಇನ್ನೊಮ್ಮೆ ತುರುಕಿದಳು. ಅದು ಮತ್ತೆ ಜಾರಿ ತುಟಿಯಿಂದ ಹೊರಗೆ ಬಂತು.

ಮಗಳು ನಿನೆತ್ ಅಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ರಾತ್ರಿ ವೃದ್ಧಾಶ್ರಮದಿಂದ ಫೋನು ಬಂದಾಗಿನಿಂದ ಅವಳು ಕೂತೇ ಇರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅದು ಅವಳಲ್ಲಿ ಉಳಿದಿರಲಿಲ್ಲ. ಅಂಗಳದಲ್ಲಿ ಬಾಡಿಗೆ ಕುರ್ಚಿ ಹಾಕುವ ಸದ್ದು, ಒಳಗೆ ಶವಪೆಟ್ಟಿಗೆಯ ಪಕ್ಕದಲ್ಲಿ ತಿರುಗುವ ಫ್ಯಾನಿನ ಸದ್ದು. ಸಕಾಪಾ ಊರಿನ ಬಿಸಿಲು ಬೆಳಗ್ಗೆಯೇ ತಗಡಿನ ಮಾಡನ್ನು ಕಾಯಿಸಿಬಿಟ್ಟಿತ್ತು.

"ಜೀವ ಹೋದ ಕೂಡ್ಲೇ ದವಡೆ ಕಟ್ಬೇಕು ಅನ್ನೋದೂ ಗೊತ್ತಿಲ್ವಾ ಅವರಿಗೆ? ಹೆಸರಿಗೊಂದು ಆಶ್ರಮ!" ಹೆರ್ಮೆಲಿಂದಾ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಬಂಗಾರದ ಚುಕ್ಕಿ ಎಲ್ಲೇ?"

"ಬಿದ್ದುಹೋಗಿರ್ಬೇಕು, ಚಿಕ್ಕಮ್ಮ."

"ಬಿದ್ದುಹೋಗೋಕೆ ಅದೇನು ಅಂಗಿ ಗುಂಡಿಯಾ? ಬಿದ್ದಿದ್ರೆ ಗುರುತಾದ್ರೂ ಇರ್ಬೇಕಲ್ಲ. ನೋಡು, ಎಷ್ಟು ಉದ್ದುದ್ದ ಇದಾವೆ. ಇದು ತಾರ್ಸಿಲಾ ಹಲ್ಲೇ ಅಲ್ಲ ಕಣೇ. ಯಾವಳೋ ಕುದುರೆ ಬಾಯಿಯವಳದ್ದು."

ನಿನೆತ್ ತಲೆ ಬಿಟ್ಟು ಗೋಡೆಗೆ ಒರಗಿದಳು. ಅಮ್ಮ ತಿಂಗಳುಗಟ್ಟಲೆ ಉಗುಳಿದ ತುತ್ತುಗಳೆಲ್ಲ ಒಟ್ಟಿಗೆ ನೆನಪಾದವು.

*

ತಾರ್ಸಿಲಾ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆದ್ದಾರಿಯ ತಿರುವಿನಲ್ಲಿ ಬಸ್ಸು ಹತ್ತಿ ಇಳಿದು ಕೆಸಾಡಿಯಾ ಮಾರಿದವಳು. ಅಕ್ಕಿಹಿಟ್ಟು, ಚೀಸು, ಸಕ್ಕರೆ ಹಾಕಿ ಸುಡುವ ಆ ಮೆತ್ತನೆಯ ಕೇಕನ್ನು ಮಾಡದ ಮನೆ ಈ ಊರಿನಲ್ಲಿಲ್ಲ. ಆದರೂ ಚಾಲಕರು ಅವಳಿಗೆಂದೇ ಬಾಗಿಲು ತೆರೆಯುತ್ತಿದ್ದರು. ಮೊದಲು ನಗು ಹತ್ತುತ್ತಿತ್ತು, ಹಿಂದಿನಿಂದ ಬುಟ್ಟಿ. ಮೇಲಿನ ಮುಂದಿನ ಹಲ್ಲೊಂದರ ಮೇಲೆ ಬಂಗಾರದ ಚುಕ್ಕಿ, ಐದು ಮೂಲೆಯದು. ಹರೆಯದಲ್ಲಿ ಮೊದಲ ದುಡಿಮೆಯಿಂದ ಹಾಕಿಸಿಕೊಂಡದ್ದು.

ಹಲ್ಲೆಲ್ಲ ಹೋಗಿ ಸೆಟ್ಟು ಕಟ್ಟಿಸುವಾಗ ಅವಳು ಆ ಚುಕ್ಕಿಯನ್ನು ಅದರ ಮೇಲೂ ಕೂರಿಸೆಂದು ಹಟ ಹಿಡಿದಳು. ಹಲ್ಲು ಕಟ್ಟುವವನು ನಕ್ಕುಬಿಟ್ಟ. "ಸುಳ್ಳು ಹಲ್ಲಿಗೆ ನಿಜವಾದ ಬಂಗಾರ ಯಾಕೆ, ದೋನ್ಯಾ ತಾರ್ಸಿಲಾ?"

"ಚುಕ್ಕಿ ಇಲ್ದೆ ಬಸ್ ಹತ್ತಿದ್ರೆ ನನ್ನ ಹತ್ರಾನೂ ಟಿಕೆಟ್ ಕೇಳ್ತಾರೆ ಕಣಪ್ಪಾ."

ಮರೆವು ಶುರುವಾದ ಮೇಲೂ ಅವಳು ಬಸ್ಸು ಹತ್ತುವುದನ್ನು ಮರೆಯಲಿಲ್ಲ, ಬುಟ್ಟಿಯನ್ನಷ್ಟೇ ಮರೆತಳು. ಯಾವುದೋ ಊರಿನಲ್ಲಿ ಇಳಿದು ಬರಿಗೈಯಲ್ಲಿ ನಿಂತುಬಿಡುತ್ತಿದ್ದಳು. ನಿನೆತ್ ಕರಬೂಜದ ಹಣ್ಣು ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಕೆಲಸ ಮಾಡುವವಳು, ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಬೀಗ ಹಾಕಿ ಹೋದ ದಿನ ಅಮ್ಮ ಕಿಟಕಿಯ ಗಾಜು ಒಡೆದು ಕೈ ಕುಯ್ದುಕೊಂಡಳು. ಮರುವಾರ ಅವಳನ್ನು ಆಶ್ರಮಕ್ಕೆ ಸೇರಿಸಿದರು.

*

"ಚುಕ್ಕಿ ಇಲ್ಲ ಅನ್ನೋದು ನಿಂಗೆ ಮೊದ್ಲೇ ಗೊತ್ತಿತ್ತಾ?" ಹೆರ್ಮೆಲಿಂದಾಳ ದನಿ ಈಗ ತಗ್ಗಿತ್ತು.

"ಗೊತ್ತಿತ್ತು. ಬಂಗಾರ ಕಿತ್ಕೊಂಡಿದಾರೆ ಅಂದ್ಕೊಂಡೆ."

"ಕೇಳ್ಲಿಲ್ವಾ?"

"ಕೇಳ್ಲಿಲ್ಲ."

*

ಅದೊಂದು ಭಾನುವಾರ. ಆಶ್ರಮದ ಜಗಲಿಯಲ್ಲಿ ಅಮ್ಮ ಸೆಟ್ಟನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ನೋಡಿಕೊಳ್ಳುವ ಹುಡುಗಿ ಅದನ್ನು ಮತ್ತೆ ಬಾಯಿಗೆ ಒತ್ತಿದಳು. ಅಮ್ಮ ಕೊಸರಾಡದ ಹಾಗೆ ನಿನೆತ್‌ಳೇ ಅವಳ ಕೈಗಳನ್ನು ಹಿಡಿದುಕೊಂಡಳು. "ಹಟ ಮಾಡ್ಬೇಡಮ್ಮಾ, ಹಲ್ಲಿಲ್ದೆ ಹೇಗೆ ತಿಂತೀಯಾ?"

ಚುಕ್ಕಿ ಇಲ್ಲದ್ದು ಆಗಲೇ ಕಣ್ಣಿಗೆ ಬಿದ್ದದ್ದು. ಕಳ್ಳಿಯರು, ಎಂದುಕೊಂಡಳು. ಆದರೆ ಜಗಳ ಮಾಡಿ ತಾನು ಮನೆಗೆ ಹೋದ ಮೇಲೆ ಇಲ್ಲಿ ಇರಬೇಕಾದವಳು ಅಮ್ಮ. ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿಕೊಂಡರೆ ಕೇಳುವವರು ಯಾರು? ಕರೆದುಕೊಂಡು ಹೋಗಿ ಎಂದುಬಿಟ್ಟರೆ? ಓಡಿಹೋಗುವ ಮುದುಕಿಯನ್ನು ಇಟ್ಟುಕೊಳ್ಳುವ ಬೇರೆ ಜಾಗ ಊರಲ್ಲಿರಲಿಲ್ಲ. ಹೋದರೆ ಹೋಗಲಿ, ಒಂದು ಚೂರು ಬಂಗಾರ ತಾನೇ, ಎಂದು ಬಾಯಿ ಮುಚ್ಚಿಕೊಂಡಳು.

ಅಮ್ಮ ಉಣ್ಣುವುದು ಕಡಿಮೆಯಾದಾಗ ಆಶ್ರಮದ ಯಜಮಾನಿ, "ಈ ಕಾಯಿಲೆಯೇ ಹಾಗೆ, ಅಗಿಯೋದೂ ಮರ್ತುಹೋಗುತ್ತೆ," ಎಂದಳು. ನಿನೆತ್ ನಂಬಿದಳು. ಅಷ್ಟು ಮರೆತವಳು ಇದನ್ನೂ ಮರೆತಾಳು ಎಂದು ನಂಬುವುದು ಕಷ್ಟವಾಗಲಿಲ್ಲ. ಅಮ್ಮನಿಗೆ ಗಂಜಿ ಶುರುವಾಯಿತು. ಆಮೇಲೆ ಅದೂ ಇಳಿಯಲಿಲ್ಲ.

*

ಮಧ್ಯಾಹ್ನ ಆಶ್ರಮದ ಸೆನ್ಯೊ ದೆಲ್ಮಿ ಬಂದಳು. ಸೆನ್ಯೊ ಎಂದರೆ ಇಲ್ಲಿ ಶಾಲೆಯ ಮೇಡಮ್ಮೂ ಹೌದು, ಮುದುಕರನ್ನು ನೋಡಿಕೊಳ್ಳುವವಳೂ ಹೌದು. ಒಂದು ಕೈಯಲ್ಲಿ ಒಬ್ಬ ತಾತನನ್ನೂ ಇನ್ನೊಂದು ಕೈಯಲ್ಲಿ ದೋನ್ಯಾ ಕ್ರೂಸ್ ಎಂಬ ಗುಂಡನೆಯ ಮುದುಕಿಯನ್ನೂ ಹಿಡಿದಿದ್ದಳು.

"ಉಳಿದೋರನ್ನ ಅಡುಗೆಯವಳ ಕೈಗೆ ಒಪ್ಪಿಸಿ ಬಂದೆ. ಇವರಿಬ್ರು ಓಡಿಹೋಗೋ ಪೈಕಿ, ಅದಕ್ಕೇ ಕರ್ಕೊಂಡು ಬಂದೆ. ಬೇಜಾರು ಮಾಡ್ಕೋಬೇಡಿ."

ತಾತ ಕೂತಲ್ಲೇ ನಿದ್ದೆಹೋದ. ದೋನ್ಯಾ ಕ್ರೂಸ್‌ಳ ಕೈಗೆ ಯಾರೋ ಕರಿದ ಹಂದಿತೊಗಲಿನ ತಟ್ಟೆ ಕೊಟ್ಟರು. ಅವಳು ಅದನ್ನು ಕಟಕಟ ಕಡಿದು ತಿಂದು, ಕೊಟ್ಟವರತ್ತ ತಲೆಯೆತ್ತಿ ನಕ್ಕಳು. ಮೇಲಿನ ಹಲ್ಲಿನಲ್ಲಿ ಬಂಗಾರದ ಚುಕ್ಕಿ ಹೊಳೆಯಿತು.

"ಅಯ್ಯೋ ದೇವ್ರೇ!" ಹೆರ್ಮೆಲಿಂದಾ ಕಾಫಿ ಕೆಟಲನ್ನು ನೆಲಕ್ಕೆ ಕುಕ್ಕಿದಳು. "ಅವಳ ಬಾಯಲ್ಲಿರೋದು ನಮ್ಮಕ್ಕನ ಹಲ್ಲು!"

ಸಾವಿನ ಮನೆಯ ಪದ್ಧತಿಯಂತೆ ಅಂಗಳದಲ್ಲಿ ಇಸ್ಪೀಟಾಡುತ್ತಿದ್ದವರು ಎಲೆ ಮಡಿಸಿದರು. ದೆಲ್ಮಿ ಮುದುಕಿಯ ಬಾಯನ್ನು ನೋಡಿದಳು, ಹೆರ್ಮೆಲಿಂದಾ ಎದುರಿಗೆ ಹಿಡಿದ ಸೆಟ್ಟನ್ನು ನೋಡಿದಳು.

"ನಾನೇ ಮಾಡಿದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದಿನ ಎಲ್ಲರ ಹಲ್ಲೂ ಒಂದೇ ಬೇಸಿನ್‌ಗೆ ಹಾಕಿ ತೊಳೆದೆ. ಅಷ್ಟರಲ್ಲಿ ಒಳಗೆ ಒಬ್ರು ಬಿದ್ರು, ಓಡ್ದೆ. ವಾಪಸ್ ಬಂದಾಗ ಯಾರದು ಯಾವುದೋ ತಿಳೀಲಿಲ್ಲ. ಅಂದಾಜಿನ ಮೇಲೆ ಹಾಕ್ದೆ. ಯಾರೂ ಏನೂ ಅನ್ಲಿಲ್ಲ."

"ಅವರಿಗೆ ಅನ್ನೋಕೆ ಬರುತ್ತೇನೇ?" ಎಂದು ಹೆರ್ಮೆಲಿಂದಾ ಕೂಗಿದಳು.

"ಮನೆಯೋರೂ ಯಾರೂ ಕೇಳ್ಲಿಲ್ಲ," ಎಂದಳು ದೆಲ್ಮಿ ಮೆಲ್ಲಗೆ. ಚುಚ್ಚಲೆಂದು ಅಂದ ಮಾತಲ್ಲ ಅದು. ದಣಿದವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಅಷ್ಟೆ. ನಿನೆತ್‌ಗೆ ಮಾತ್ರ ಅದು ಚುಚ್ಚಿತು.

"ತೆಗಿಸು ಅವಳ ಬಾಯಿಂದ," ಎಂದಳು ಹೆರ್ಮೆಲಿಂದಾ. "ನಮ್ಮಕ್ಕ ತನ್ನ ಹಲ್ಲಲ್ಲೇ ಮಣ್ಣಿಗೆ ಹೋಗ್ಲಿ."

ನಿನೆತ್ ದೋನ್ಯಾ ಕ್ರೂಸ್‌ಳ ಮುಂದೆ ಕೂತು ಅಂಗೈ ಚಾಚಿದಳು. ಬೈಯಬೇಕಾಗಲಿಲ್ಲ, ಬೇಡಬೇಕಾಗಲಿಲ್ಲ. ದಿನಾ ಸಂಜೆ ಮಾಡುವ ಅಭ್ಯಾಸದಂತೆ ಮುದುಕಿ ಹಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟಳು. ಅದು ಬೆಚ್ಚಗಿತ್ತು.

ಪೆಟ್ಟಿಗೆಯ ಹತ್ತಿರ ಈ ಸಲ ಯಾರೂ ತಲೆ ಹಿಡಿಯಬೇಕಾಗಲಿಲ್ಲ. ನಿನೆತ್ ಮೆತ್ತಗೆ ಸೆಟ್ಟನ್ನು ಅಮ್ಮನ ಬಾಯೊಳಗೆ ಸೇರಿಸಿದಳು. ಅದು ನಿಲ್ಲಲಿಲ್ಲ, ನಾಲಿಗೆಯ ಮೇಲೆ ಬಿತ್ತು. ಮತ್ತೆ ಸೇರಿಸಿದಳು, ಮತ್ತೆ ಬಿತ್ತು. ಹೊಟ್ಟೆಗಿಲ್ಲದೆ ಅಮ್ಮ ಎಷ್ಟು ಕರಗಿದ್ದಳೆಂದರೆ ಅವಳ ಹಲ್ಲೇ ಅವಳ ಬಾಯಿಗೆ ದೊಡ್ಡದಾಗಿತ್ತು.

ಹೆರ್ಮೆಲಿಂದಾ ಸೊಂಟದಿಂದ ಕರವಸ್ತ್ರ ಬಿಚ್ಚಿ ಅಕ್ಕನ ಗಲ್ಲಕ್ಕೆ ಕಟ್ಟಿ, ನೆತ್ತಿಯ ಮೇಲೆ ಗಂಟು ಹಾಕಿದಳು.

"ಪಾದ್ರಿ ಕಾಯ್ತಿದಾರೆ, ಎತ್ತೋಣ್ವಾ?" ಬಾಗಿಲಲ್ಲಿ ಯಾರೋ ಕೇಳಿದರು.

ನಿನೆತ್ ಹಿತ್ತಿಲಿನ ನಲ್ಲಿಯ ಕೆಳಗೆ ಹಲ್ಲು ತೊಳೆದಳು. ಚುಕ್ಕಿಯ ಮೂಲೆಗಳಲ್ಲೆಲ್ಲ ಬೆರಳಾಡಿಸಿ ತೊಳೆದು ಅಂಗಳಕ್ಕೆ ತಂದಳು. ದೋನ್ಯಾ ಕ್ರೂಸ್ ತಟ್ಟೆ ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದೇ ಕಾಯುತ್ತಿದ್ದಳು.

ನಿನೆತ್ ಸೆಟ್ಟನ್ನು ಕೂರಿಸಿದಳು. ಬೆರಳಿನಿಂದ ಒಸಡಿನ ಅಂಚನ್ನು ಎಡದಿಂದ ಬಲಕ್ಕೆ ಮುಟ್ಟಿ ನೋಡಿದಳು.

"ಎಲ್ಲಾದ್ರೂ ಚುಚ್ತಾ ಇದೆಯಾ, ದೋನ್ಯಾ ಕ್ರೂಸ್?"

ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು. ಒಳಗೆ ಗಂಡಸರು ಪೆಟ್ಟಿಗೆಗೆ ಹೆಗಲು ಕೊಟ್ಟರು. "ನಿನೆತ್, ಬಾರೇ, ಹೊರಟ್ರು!" ಎಂದು ಹೆರ್ಮೆಲಿಂದಾ ಕರೆದಳು.

"ಹೇಳಿ, ಎಲ್ಲಿ ನೋಯ್ತಿದೆ?" ಎಂದು ನಿನೆತ್ ಇನ್ನೊಮ್ಮೆ ಕೇಳಿ, ಉತ್ತರಕ್ಕಾಗಿ ಅಲ್ಲೇ ಮಂಡಿಯೂರಿ ಕೂತಳು.